ಕರಾಚಿ ಲೆಹೆಂಗಾದ ಅಸ್ತರು

ಮೂವತ್ತು ವರ್ಷದ ದರ್ಜಿ ಕಸುಬಿನಲ್ಲಿ ಅಲ್ಲಾಬಕ್ಷ ಹೇಳಿದ ಸುಳ್ಳು ಒಂದೇ: “ನಾಳೆ ಸಂಜಿಗೆ ಬರ್ರಿ, ರೆಡಿ ಇಟ್ಟಿರ್ತೀನಿ.” ಅದನ್ನು ಯಾರೂ ಸುಳ್ಳೆಂದು ಹಿಡಿಯುವುದಿಲ್ಲ. ಹೇಳುವವನಿಗೂ ಕೇಳುವವರಿಗೂ ಅದು ನಮಸ್ಕಾರ ಇದ್ದ ಹಾಗೆ. ಸುಳ್ಳಿನ ಅಭ್ಯಾಸವಿಲ್ಲದ ಮನುಷ್ಯ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆಲೇ ಗಡಿ ದಾಟುವಂಥ ಸುಳ್ಳಿಗೆ ಕೈಹಾಕಿದರೆ ಏನಾಗಬೇಕೋ ಅದೇ ಆಯಿತು.

ಸುಳ್ಳು ಹುಟ್ಟಿದ್ದು ಮೀರಾ ರೋಡಿನಲ್ಲಿ, ಬೀಗರ ಮನೆಯ ಸೋಫಾದ ಮೇಲೆ. ಸೋಫಾ ತಂದು ಎರಡು ವರ್ಷವಾಗಿದ್ದರೂ ಅದರ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಹಾಗಾಗಿ ಅಲ್ಲಾಬಕ್ಷ ಕೂತಲ್ಲೇ ಮುಂದಕ್ಕೆ ಜಾರುತ್ತಿದ್ದ, ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ಎದುರಿಗೆ ಹುಡುಗ ಸೊಹೈಲನ ತಾಯಿ ಜೇಬುನ್ನೀಸಾ. ಆಕೆ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, ಜನ ಲೋಕಲ್‌ನಲ್ಲಿ ಕೊಡೆ ಮರೆತು ಇಳಿಯುವ ಹಾಗೆ, ಕನ್ನಡವನ್ನು ಎಲ್ಲೋ ಬಿಟ್ಟು ಇಳಿದುಬಿಟ್ಟಿದ್ದಳು. ಯಾರಾದರೂ ಕನ್ನಡದಲ್ಲಿ ಬಾಯಿ ತೆರೆದರೆ ಹುಬ್ಬು ಮೇಲೇರಿಸಿ, “ಹಮೇಂ ಕನ್ನಡಿ ಬಿಲ್ಕುಲ್ ನಹೀಂ ಆತಿ” ಎನ್ನುತ್ತಿದ್ದಳು. ಆ ‘ಬಿಲ್ಕುಲ್’ ಮಾತ್ರ ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ರಾಗದಲ್ಲೇ ಬರುತ್ತಿತ್ತು.

ನಿಕಾಹದ ಜೋಡಾ, ಅಂದರೆ ಮದುಮಗಳ ಉಡುಪು, ಗಂಡಿನ ಕಡೆಯಿಂದ ಬರುವುದು ಇವರಲ್ಲಿ ಪದ್ಧತಿ. ಜೇಬುನ್ನೀಸಾ ಹಳೆಯ ಪದ್ಧತಿಗಳನ್ನೆಲ್ಲ ಗಟ್ಟಿಯಾಗಿ ಹಿಡಿದಿದ್ದವಳು. ಈ ಒಂದನ್ನು ಮಾತ್ರ ಉದಾರವಾಗಿ ಬಿಟ್ಟುಕೊಟ್ಟಿದ್ದಳು.

“ದುಲ್ಹನ್ ಕಾ ಜೋಡಾ ಆಪ್ ದೀಜಿಯೇ, ಭಾಯಿಸಾಬ್. ಮಗರ್ ಲುಕ್ ಪಾಕಿಸ್ತಾನಿ ಚಾಹಿಯೇ” ಎಂದು ಮೊಬೈಲ್ ಮುಂದೆ ಹಿಡಿದಳು.

ಮೊಬೈಲಿನಲ್ಲಿ ಮೂವರು ಮದುವಣಗಿತ್ತಿಯರು ಒಬ್ಬರಾದ ಮೇಲೊಬ್ಬರು ಸರಿದುಹೋದರು. ಅಲ್ಲಾಬಕ್ಷನ ಕಣ್ಣಿಗೆ ಮೂವರೂ ಒಬ್ಬಳೇ. ತಲೆಯ ಒಂದು ಬದಿಗೆ ಬೀಸಣಿಗೆಯಂಥ ಝೂಮರ್, ಬಳೆಯಷ್ಟು ದೊಡ್ಡ ಮೂಗುತಿ, ನೆಲ ಗುಡಿಸುವ ಲೆಹೆಂಗಾ. ಮೂವರೂ ಈಗಷ್ಟೇ ಯಾರದೋ ಸಾವಿನ ಸುದ್ದಿ ಕೇಳಿದವರಂತೆ ನೆಲ ನೋಡುತ್ತಿದ್ದರು.

“ಅಸಲಿ ಮಾಲ್ ಇರಬೇಕು” ಎಂಬ ಅರ್ಥ ಬರುವ ಹಾಗೆ ಉರ್ದುವಿನಲ್ಲಿ ಜೇಬುನ್ನೀಸಾ ಮುಂದುವರಿಸಿದಳು. ಇಲ್ಲದಿದ್ದರೆ ಅಂಧೇರಿಯಿಂದ ಬಾಡಿಗೆಗೆ ತಾನೇ ತಂದು ತೊಡಿಸುತ್ತಾಳಂತೆ. ಕೊನೆಗೆ, ಚಹಾದ ಕಪ್ಪು ಕೆಳಗಿಡುತ್ತ, “ವೈಸೇ ಆಪ್ ಭೀ ಟೇಲರ್ ಹೈಂ ನಾ? ವೋ… ಪ್ಯಾಂಟ್ ಛೋಟಾ ಕರ್ನೇವಾಲೇ?” ಎಂದಳು.

ಆ ಕ್ಷಣದಲ್ಲಿ ಅಲ್ಲಾಬಕ್ಷ ಮತ್ತೊಮ್ಮೆ ಜಾರಿದ. ಈ ಸಲ ಜಾರಿದ್ದು ನಾಲಿಗೆ.

“ಲೆಹೆಂಗಾ ಕರಾಚಿಯಿಂದ ಬರ್ತೈತ್ರಿ. ಅಲ್ಲಿ ನಮ್ಮ ಖಾಲಾನ ಮಗನ ದೊಡ್ಡ ದುಕಾನ್ ಐತಿ. ಆರ್ಡರ್ ಕೊಟ್ಟಾಗೈತಿ.”

ಜೇಬುನ್ನೀಸಾಗೆ ಕನ್ನಡ ತಿಳಿಯದಾದ್ದರಿಂದ ಈ ಮಾತು ಕೂಡಲೇ ತಿಳಿಯಿತು. ಬೀಗರಿಗೆ ಎರಡನೆಯ ಕಪ್ ಚಹಾ ಬಂತು, ಜೊತೆಗೆ ಗೋಡಂಬಿ.

ವಾಪಸು ಬರುವಾಗ, ಜೊತೆಗೆ ಬಂದಿದ್ದ ಹೆಂಡತಿ ಜೈತುನಬಿ ಲೋಕಲ್‌ನಲ್ಲಿ ಬೊರಿವಲಿಯವರೆಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಗೋಡಂಬಿ ತಿಂದಳು. ಬೊರಿವಲಿ ದಾಟಿದ ಮೇಲೆ ಕೇಳಿದಳು: “ಕರಾಚ್ಯಾಗ ಯಾರದಾರ್ರೀ ನಿಮ್ಮವರು?”

“ಯಾರೂ ಇಲ್ಲ.”

ಗೋರೆಗಾಂವದ ಹೊತ್ತಿಗೆ ಗೋಡಂಬಿ ಮುಗಿಯಿತು.

“ನಿಮ್ಮವ್ವಗ ಇದ್ದಾಕಿ ಒಬ್ಬಾಕಿ ತಂಗಿ. ಆ ಖಾಲಾಗ ಮಕ್ಕಳs ಆಗಿರಲಿಲ್ಲಲ್ಲ?”

“ಅಲ್ಲಾಹ್‌ನ ಮರ್ಜಿ” ಎಂದ ಅಲ್ಲಾಬಕ್ಷ, ಕಿಟಕಿಯಾಚೆ ನೋಡುತ್ತ.

ಆದರೆ ಅವನ ಸಂಕಟ ಬೇರೆಯೇ ಇತ್ತು. ಮಗಳು ತಹಮೀನಾ ಏಳು ವರ್ಷದವಳಿದ್ದಾಗ ಅವನ ಮಷೀನಿನ ಕೆಳಗೆ ಕೂತು ಬಟ್ಟೆ ಚೂರುಗಳಿಂದ ಗೊಂಬೆಗೆ ಶರಾರಾ ಮಾಡುತ್ತಿದ್ದಳು. ಆಗಲೇ ಮಾತು ತೆಗೆದುಕೊಂಡಿದ್ದಳು: “ಅಬ್ಬಾ, ಮೇರಿ ಶಾದಿ ಕಾ ಜೋಡಾ ನೀನೇ ಹೊಲೀಬೇಕು, ಹಾಂ?” ಈಗ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ, ಆ ಮಾತನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಕೊಟ್ಟ ಮಾತಿನಂತೆ ತಾನೇ ಹೊಲಿಯಬೇಕು, ಆಡಿದ ಸುಳ್ಳಿನಂತೆ ಅದು ಕರಾಚಿಯಿಂದ ಬರಬೇಕು. ಜೀವನದ ಅತ್ಯುತ್ತಮ ಹೊಲಿಗೆಯನ್ನು ಹೊಲಿದು, ಅದರ ಹೆಸರನ್ನು ಹುಟ್ಟದೇ ಇರುವ ಖಾಲಾನ ಮಗನಿಗೆ ಕೊಡಬೇಕು.

ಸಂಗತಿ ತಿಳಿದಾಗ “ಅಬ್ಬಾ, ಯೂ ಆರ್ ಇಂಪಾಸಿಬಲ್” ಎಂದಳು ತಹಮೀನಾ. ಆಮೇಲೆ ನಕ್ಕು, “ಚಲೋ, ನಾನು ಯಾರಿಗೂ ಬೋಲ್ತಿಲ್ಲ. ಆದರೆ ನೀನೇ ಹೊಲೀಬೇಕು” ಎಂದಳು.

ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ, ಬಕಲ್ ಮಾಡುವ ಕಾರ್ಖಾನೆಗೂ ಮೊಬೈಲ್ ರಿಪೇರಿಗೂ ನಡುವೆ ಅಲ್ಲಾಬಕ್ಷನ ‘ನ್ಯೂ ಬಿಜಾಪುರ ಲೇಡೀಸ್ ಟೇಲರ್ಸ್’ ಇದೆ. ಅಲ್ಲಿ ಹೊಲಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕರಾಚಿ ಮನೆಯ ಮಂಚದ ಮೇಲೆ ನೆಲೆಗೊಂಡಿತು. ಟೀ ಪಿಂಕ್ ಎಂಬ, ಹಾಲು ಜಾಸ್ತಿಯಾದ ಚಹಾದ ಬಣ್ಣದ ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಮಂಚದ ಮೇಲಿಟ್ಟರು. ಎರಡು ತಿಂಗಳು ಗಂಡಹೆಂಡಿರು ನೆಲದ ಮೇಲೆ ಮಲಗಿದರು, ಲೆಹೆಂಗಾ ಗಾದಿಯ ಮೇಲೆ ಮಲಗಿತು. ಜೈತುನಬಿ ಒಗ್ಗರಣೆಗೂ ಬಟ್ಟೆ ಒಗೆಯುವುದಕ್ಕೂ ನಡುವೆ ಬಂದು ಜರಿಯ ಹೂವು ತುಂಬುತ್ತಿದ್ದಳು. “ಈ ಕಾಲದ ಹುಡಿಗ್ಯಾರಿಗೆ ಸೀರಿ ಉಡೂದು ಭಾರ ಆಗ್ತೈತಿ, ಹತ್ತು ಕಿಲೋ ಜರಿ ಹೊತ್ತು ನಿಂದ್ರೂದು ಹಗೂರ ಆಗ್ತೈತಿ” ಎಂದು ಪ್ರತಿ ಹೂವಿಗೂ ಒಮ್ಮೆ ಬಯ್ಯುತ್ತಿದ್ದಳು. ಬೈದಷ್ಟೂ ಹೂವು ಚೆಂದ ಬರುತ್ತಿದ್ದವು.

ಅಲ್ಲಾಬಕ್ಷ ಕಸುಬು ಕಲಿತದ್ದು ಬಿಜಾಪುರದ ಒಬ್ಬ ಉಸ್ತಾದರ ಕೈಕೆಳಗೆ. ಅವರು ಎರಡು ಪಾಠ ಕಲಿಸಿದ್ದರು. ಅಳತೆಯನ್ನು ಚೀಟಿಯ ಮೇಲಲ್ಲ, ಅಸ್ತರಿನ, ಅಂದರೆ ಒಳಪದರದ ಬಟ್ಟೆಯ, ಮೂಲೆಯಲ್ಲೇ ಮಸಿ ಪೆನ್ಸಿಲ್ಲಿನಿಂದ ಬರೆಯಬೇಕು, ಚೀಟಿ ಕಳೆದುಹೋಗುತ್ತದೆ, ಅಸ್ತರು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು, ಮುಂದೆ ಬಿಚ್ಚಿ ಸಡಿಲಿಸಲು ಹೊಲಿಗೆಯೊಳಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಡದವನು ದರ್ಜಿಯಲ್ಲ, ಕಟುಕ. ಮುಂಬಯಿಯ ರೆಡಿಮೇಡ್ ಜನ ಈ ಎರಡನ್ನೂ ಕಂಡು ನಕ್ಕಿದ್ದರು. ಅಲ್ಲಾಬಕ್ಷನ ತಲೆಗೆ ಆ ನಗು ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ.

ಸುದ್ದಿ ಹೊರಬಿದ್ದದ್ದು ಶೈಲಾಳಿಂದ. ಧಾರವಾಡದ ಈ ಹೆಂಗಸು ಅವರ ಬಿಲ್ಡಿಂಗಿನಲ್ಲೇ ಕೆಳಗಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಒಬ್ಬರ ಹುಬ್ಬು ತಿದ್ದುವಷ್ಟರಲ್ಲಿ ಮೂರು ಮನೆಯ ಸುದ್ದಿ ತಿದ್ದಿಬಿಡುತ್ತಿದ್ದಳು. ಮದುಮಗಳ ಮೇಕಪ್ಪು ಮಾತಾಡಲು ಹೋದ ಜೈತುನಬಿ ‘ಕರಾಚಿ’ ಎಂದಳು, ಅಷ್ಟೇ. ಮೊದಲ ಮಹಡಿಯಲ್ಲಿ ಕರಾಚಿಯಿಂದ ಒಂದು ಲೆಹೆಂಗಾ ಬರುತ್ತಿತ್ತು. ನಾಲ್ಕನೆಯ ಮಹಡಿಗೆ ಮುಟ್ಟುವಾಗ ಎರಡು ಟ್ರಂಕು ಬರುತ್ತಿದ್ದವು, ಟ್ರಂಕಿನ ಸಂಗಡ ಖಾಲಾನ ಮಗನೂ ಬರುತ್ತಿದ್ದ. ಸುದ್ದಿ ಟೆರೇಸಿನ ನೀರಿನ ಟಾಕಿ ಮುಟ್ಟುವಷ್ಟರಲ್ಲಿ ಆ ಮನುಷ್ಯ ಆಗಲೇ ಬಂದು ಟಾಕಿಯ ಹಿಂದೆ ವಾಸವಾಗಿದ್ದ, ಅವನ ಗಡ್ಡವನ್ನು ಇಬ್ಬರು ಕಣ್ಣಾರೆ ಕಂಡಿದ್ದರು.

ಸೊಸೈಟಿಯ ಸೆಕ್ರೆಟರಿ ನೋಟಿಸು ಅಂಟಿಸಿದರು: ವಿದೇಶಿ ಪಾರ್ಸೆಲ್ಲುಗಳನ್ನು ಲಿಫ್ಟಿನಲ್ಲಿ ಸಾಗಿಸಬಾರದು. ನೋಟಿಸು ಅಂಟಿಸಿದ ಕೈಯಿಂದಲೇ ಬಾಗಿಲು ತಟ್ಟಿ, ದನಿ ತಗ್ಗಿಸಿ, “ಮಿಸೆಸ್‌ಗೆ ಒಂದು ಸೂಟ್ ಪೀಸ್ ಸಿಗಬಹುದಾ? ಅಲ್ಲಿಯ ಲಾನ್ ಬಟ್ಟೆ ಚಲೋ ಇರುತ್ತಂತೆ” ಎಂದು ಕೇಳಿಹೋದರು. ದೇಶಭಕ್ತಿ ಲಿಫ್ಟಿನ ಮಟ್ಟದಲ್ಲಿ, ಲಾನ್ ಬಟ್ಟೆ ಮನೆಯ ಮಟ್ಟದಲ್ಲಿ.

ಮೂರನೆಯ ದಿನ ಕಾನ್‌ಸ್ಟೇಬಲ್ ಅಮೋಲ್ ಬಂದ. ಸೊಲ್ಲಾಪುರದ ಹುಡುಗ. ಅಜ್ಜಿಯ ಮನೆಯಲ್ಲಿ ಕಲಿತ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಹಾಕಿ ಮಾತಾಡುತ್ತಿದ್ದ.

“ಕಾಕಾ, ಖರೆ ಹೇಳ್ರಿ. ಪಾಕಿಸ್ತಾನದ ಮಾಲ್ ಕುಠೇ ಆಹೆ?”

ಅಲ್ಲಾಬಕ್ಷ ಮಂಚ ತೋರಿಸಿದ. ಚೌಕಟ್ಟಿನ ಮುಂದೆ ಜೈತುನಬಿ ಸೂಜಿ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಅರ್ಧ ಆರಿಸಿದ ಅಕ್ಕಿಯ ಮೊರ.

“ಇದು ಕರಾಚಿ?”

“ಹೌದ್ರಿ ಸಾಹೇಬ್ರ.”

“ಮತ್ತ ಇವರು?”

“ಖಾಲಾನ ಮಗ” ಎಂದಳು ಜೈತುನಬಿ, ತಲೆಯೆತ್ತದೆ.

ಅಮೋಲ್ ಹತ್ತು ನಿಮಿಷ ಕೆಮ್ಮಿದ. ಅದು ನಗುವೆಂದು ಒಪ್ಪಿಕೊಳ್ಳಲು ಯುನಿಫಾರ್ಮ್ ಬಿಡಲಿಲ್ಲ. “ಕಾಕಾ, ಅಲ್ಲಿಂದ ಈಗ ಒಂದು ಕಾಗದಾನೂ ಬರೂದಿಲ್ಲ, ನಿಮಗ ಲೆಹೆಂಗಾ ಬರ್ತದಾ? ಅಲ್ಲಿಂದು ಅಲ್ಲಂತ ಬರದು ಕೊಡ್ರಿ” ಎಂದ. ಅಲ್ಲಾಬಕ್ಷ ಬರೆದುಕೊಟ್ಟ: ಸದರಿ ಲೆಹೆಂಗಾ ಪಾಕಿಸ್ತಾನದ್ದಲ್ಲ, ಜೋಗೇಶ್ವರಿಯಲ್ಲಿ ನನ್ನ ಮಂಚದ ಮೇಲೆ ನಾನು ಮತ್ತು ನನ್ನ ಹೆಂಡತಿ ಕೂಡಿ ತಯಾರಿಸಿದ್ದು. ಸಹಿ ಮಾಡಿ, ಕೈಮುಗಿದು ಬೇಡಿಕೊಂಡ: “ಸಾಹೇಬ್ರ, ಇದನ್ನ ಯಾರಿಗೂ ತೋರಸಬ್ಯಾಡ್ರಿ.”

ತಾನು ತಪ್ಪು ಮಾಡಿಲ್ಲವೆಂಬುದನ್ನು ಗುಟ್ಟಾಗಿಡಿ ಎಂದು ಪೊಲೀಸರ ಕಾಲು ಹಿಡಿದ ಮನುಷ್ಯನನ್ನು ಅಮೋಲ್ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಕಾಗದ ಮಡಚಿ ಕಿಸೆಗಿಟ್ಟು, “ಶಾದಿಗೆ ಕರೀರಿ” ಎಂದು ಹೋದ.

ಶಾದಿಯ ದಿನ ಬೆಳಿಗ್ಗೆ ಏಳಕ್ಕೆ ಶೈಲಾ ಮದುವೆಯ ಹಾಲ್‌ನ ಹೆಣ್ಣಿನ ಕೋಣೆಯಲ್ಲಿ ಮೇಕಪ್ಪಿನ ಪೆಟ್ಟಿಗೆ ಬಿಚ್ಚಿದಳು. ಜೇಬುನ್ನೀಸಾಳ ತಂಗಿಯ ಮಗಳು ಮತ್ತು ಅವಳ ಇಬ್ಬರು ಗೆಳತಿಯರೂ ಅಲ್ಲಿಗೇ ಬಂದು, ‘ಹಮ್ಕೋ ಭೀ ಸೇಮ್’ ಎಂದು ಸಾಲಾಗಿ ಕೂತರು. ಒಂದೇ ದಿನ ನಾಲ್ಕು ಮುಖ ಸಿಕ್ಕ ಸಂತೋಷದಲ್ಲಿ ಶೈಲಾ ವಿವೇಕ ಕಳೆದುಕೊಂಡಳು.

“ಇದಕ್ಕ ಸಾಫ್ಟ್ ಪಾಕಿಸ್ತಾನಿ ಗ್ಲ್ಯಾಮ್ ಅಂತಾರ್ರಿ, ಜೈತುನಕ್ಕ.”

“ಸಾಫ್ಟ್ ಅಂದ್ರ?”

“ಮೂರು ಕೋಟ್.”

“ಮತ್ತ ಸಾಫ್ಟ್ ಇಲ್ಲದ್ದು?”

“ಐದು. ಅದು ಸ್ಟೇಜಿಗೆ. ನಾ ನಾಕು ಹೊಡದೀನಿ, ಎರಡಕ್ಕೂ ಬರಲಿ ಅಂತ.”

ಜೈತುನಬಿ ಮಗಳ ಮುಖ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಜಾರಿದ್ದೂ ತಿಳಿಯಲಿಲ್ಲ. “ನಿನಗ ಗೋಧಿಹಿಟ್ಟಿನಂಥ ಹುಡುಗಿ ಕೊಟ್ಟಿದ್ದೆ ನಮ್ಮವ್ವ, ಮೈದಾ ಮಾಡಿ ಇಟ್ಟಿಯಲ್ಲ!”

ತಹಮೀನಾ ಏನೋ ಹೇಳಲು ಬಾಯಿ ತೆರೆದಳು. ಶೈಲಾ ಕೂಗಿದಳು: “ಮಾತಾಡಬ್ಯಾಡ! ನಗಬ್ಯಾಡ! ಬಾಯಿ ಬಿಟ್ರ ಬೇಸ್ ಬಿರಿತೈತಿ. ಕಬೂಲ್ ಅನ್ನೂತನಕ ತುಟಿ ಕೂಡಿಸಿ ಇಟ್ಟುಕೋ.” ತಹಮೀನಾ ತುಟಿ ಕೂಡಿಸಿದಳು. ನಾಲ್ವರೂ ಈಗಷ್ಟೇ ಸಾವಿನ ಸುದ್ದಿ ಕೇಳಿದವರಂತೆ ನೆಲ ನೋಡುತ್ತ ಕೂತರು. ಬೆಲೆ ಬಾಳುವ ದುಃಖ.

ಲೆಹೆಂಗಾ ಗೆದ್ದಿತು. ಜೇಬುನ್ನೀಸಾ ಬಂದು, ಎರಡು ಬೆರಳಲ್ಲಿ ಹಿಡಿದು ನೋಡಿ, ತಂಗಿಗೆ ತೋರಿಸಿ, “ದೇಖೋ, ಇಸ್ಕೋ ಕೆಹ್ತೇ ಹೈಂ ಕಾಮ್. ಯಹಾಂ ಕೇ ಟೇಲರ್ ಸಾತ್ ಜನಮ್ ಲೇಂ ತೋ ಭೀ ಐಸಾ ನಹೀಂ ಸೀ ಸಕ್ತೇ” ಎಂದಳು. ಬಾಗಿಲಲ್ಲಿ ನಿಂತ ಅಲ್ಲಾಬಕ್ಷ ಇಲ್ಲಿಯ ಟೇಲರುಗಳ ಪರವಾಗಿ ತಲೆತಗ್ಗಿಸಿದ. ಹೊಗಳಿಕೆಗೆ ಎದೆ ಉಬ್ಬುತ್ತಿತ್ತು, ಉಬ್ಬಿದ ಎದೆಯನ್ನು ಎಲ್ಲಿ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಮುಸುಕಿನೊಳಗಿಂದ ತಹಮೀನಾ ಅವನನ್ನೇ ನೋಡುತ್ತಿದ್ದಳು, ಹೇಳಿಬಿಡು ಎನ್ನುವ ಹಾಗೆ. ಅವನು ಊಟದ ತಯಾರಿ ನೋಡಲು ಹೊರಟ.

ಮಧ್ಯಾಹ್ನದ ಜೊಹರ್ ನಮಾಜು ಮುಗಿಯಿತು. ಖಾಜಿ ಸಾಹೇಬರು ಗಂಡಸರ ಕಡೆ ಕೂತರು. ನಿಕಾಹದಲ್ಲಿ ಹೆಣ್ಣಿನ ಪರ ನಿಲ್ಲುವ ವಕೀಲನೂ ಇಬ್ಬರು ಸಾಕ್ಷಿಗಳೂ ಹೆಣ್ಣಿನ ಕೋಣೆಗೆ ಹೋಗಿ ಹುಡುಗಿಯ ಒಪ್ಪಿಗೆ ಕೇಳಿ ಬರಬೇಕು. ವಕೀಲನಾಗಿದ್ದವನು ತಹಮೀನಾಳ ಮಾಮು, ಜೈತುನಬಿಯ ಅಣ್ಣ. ದಪ್ಪ ಕನ್ನಡಕ, ದೊಡ್ಡ ಕಂಠ. ಹಿಂದೆ ಅಲ್ಲಾಬಕ್ಷ.

ಕೋಣೆಯಲ್ಲಿ ನಾಲ್ವರು ಮದುವಣಗಿತ್ತಿಯರು.

ನಾಲ್ವರದೂ ಒಂದೇ ಮುಖ, ಒಂದೇ ಝೂಮರ್, ಒಂದೇ ಮೂಗುತಿ. ಈ ಸಲದ ಫ್ಯಾಷನ್ನೆಂದು ನಾಲ್ವರದೂ ಹಾಲು ಜಾಸ್ತಿಯಾದ ಚಹಾದ ಬಣ್ಣ. ಫೋಟೋದವನ ಮಾತಿಗೆ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಸಾಲಾಗಿ ಕೂತಿದ್ದರು. ಹುಟ್ಟಿದಂದಿನಿಂದ ತಹಮೀನಾಳನ್ನು ಎತ್ತಿ ಆಡಿಸಿದ ಮಾಮು ಒಂದು ಕ್ಷಣವೂ ಅನುಮಾನಿಸದೆ ಬೀಗತಿಯ ತಂಗಿಯ ಮಗಳ ಮುಂದೆ ನಿಂತ.

“ಬೇಟಿ, ಸೊಹೈಲ್ ಕೇ ಸಾಥ್ ಯೇ ನಿಕಾಹ್…”

ಆ ಹುಡುಗಿಗೂ ಬಾಯಿ ಬಿಡಬಾರದೆಂಬ ಆಜ್ಞೆಯಿತ್ತು. ಗಾಬರಿಯಿಂದ ಕಣ್ಣು ಅಗಲಿಸಿ “ಹೂಂ! ಹೂಂ!” ಎಂದಳು.

“ಮಾಶಾಅಲ್ಲಾಹ್, ಎರಡು ಸಲ ಅಂದಳು” ಎಂದ ಮಾಮು ಸಾಕ್ಷಿಗಳ ಕಡೆ ತಿರುಗಿ. ಸಾಲಿನಲ್ಲಿ ಮೂರನೆಯವಳಾಗಿದ್ದ ತಹಮೀನಾ ಇನ್ನೂ ಜೋರಾಗಿ “ಹ್ಞೂಂ!” ಎಂದಳು. ಸಾಕ್ಷಿಗಳು ಮುಖ ಮುಖ ನೋಡಿಕೊಂಡರು. ಒಂದು ನಿಕಾಹಕ್ಕೆ ಇಬ್ಬರು ಹುಡುಗಿಯರು ಒಪ್ಪಿದಂತಾಗಿತ್ತು.

ಅಲ್ಲಾಬಕ್ಷ ಮಾಮುವನ್ನು ಪಕ್ಕಕ್ಕೆ ಸರಿಸಿದ. ಯಾವುದು ತನ್ನ ಮಗಳು? ಮುಖ ನೋಡಿದ, ತಿಳಿಯಲಿಲ್ಲ. ಕೈ ನೋಡಿದ, ಎಲ್ಲಕ್ಕೂ ಒಂದೇ ಮೆಹಂದಿ. ಆಗ ಅವನೊಳಗಿನ ತಂದೆ ಸೋತು, ದರ್ಜಿ ಮುಂದೆ ಬಂದ. ನೆಲದ ಮೇಲೆ ಮಾರುದ್ದ ಹರಡಿಬಿದ್ದಿದ್ದ ಮೊದಲ ಲೆಹೆಂಗಾದ ಅಂಚನ್ನು ಕೂತು ಮಗುಚಿ ನೋಡಿದ.

“ಥಾಂಬ್ರಿ, ತಡೀರಿ! ಇದು ನಮ್ಮ ಹುಡುಗಿ ಅಲ್ಲ, ಇದು ಮಷೀನ್ ಹೊಲಿಗಿ!”

ಎರಡನೆಯದು ಮಗುಚಿದ. “ಇದಕ್ಕ ಅಸ್ತರs ಇಲ್ಲ!” ಮೂರನೆಯದು ಮಗುಚಿದ. ಕೈಹೊಲಿಗೆ, ಅಕ್ಕಿಕಾಳಿನಂತೆ ಸಣ್ಣದು. ಮೂಲೆಯಲ್ಲಿ ನೀಲಿ ಮಸಿ. “ಇದs ನೋಡ್ರಿ! ಇದು ನನ್ನ ಹೊಲಿಗಿ! ಇವಳs ನನ್ನ ಮಗಳು!”

ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿಯಿತು.

 ಜೇಬುನ್ನೀಸಾ ಸೊಂಟದ ಮೇಲೆ ಕೈಯಿಟ್ಟು ಬಂದಳು. ಬಗ್ಗಿದಳು. ಅಸ್ತರಿನ ಮೂಲೆ ಹಿಡಿದು ಕಣ್ಣಿನ ಹತ್ತಿರ ತಂದಳು.

“ಯೇ ಕ್ಯಾ ಹೈ? …ಉದ್ದ ನಲವತ್ತೆರಡು… ಹಿಪ್ ಮೂವತ್ತಾರು… ಸೊಂಟ ಇಪ್ಪತ್ತೆಂಟು ಕೂಡಸು ನಾಕು!” ನೆಟ್ಟಗಾದಳು. “ಕರಾಚಿ ಟೇಲರ ಯಾವಾಗಿಂದ ಕನ್ನಡ ಅಂಕಿ ಬರ್ಯಾಕ ಹತ್ಯಾನ್ರೀ ಬೀಗರ?”

ಯಾರೂ ಅಲ್ಲಾಬಕ್ಷನನ್ನು ನೋಡಲಿಲ್ಲ. ಎಲ್ಲರೂ ಜೇಬುನ್ನೀಸಾಳನ್ನೇ ನೋಡುತ್ತಿದ್ದರು. ಅವಳ ತಂಗಿಯ ಮಗಳು ಬೇಸ್ ಮರೆತು ಕೇಳಿದಳು: “ಖಾಲಾ… ಆಪ್ಕೋ ಕನ್ನಡಿ ಪಢ್ನಾ ಆತಾ?”

ಜೇಬುನ್ನೀಸಾಳ ಮುಖ ಬಿಳಿಚಿತೋ ಕೆಂಪಾಯಿತೋ ಹೇಳುವಂತಿರಲಿಲ್ಲ, ಅವಳಿಗೂ ಶೈಲಾ ಎರಡು ಕೋಟ್ ಹೊಡೆದಿದ್ದಳು. “ವೋ… ಅಂದಾಜಾ…”

“ಅಂದಾಜಿನ್ಯಾಗ ನಲವತ್ತೆರಡು ಹೆಂಗ ಬರ್ತೈತ್ರಿ ಆಪಾ?” ಎಂದಳು ಶೈಲಾ ಕುಂಚ ಹಿಡಿದು. “ಹುಬ್ಬಳ್ಳಿ ಸರಕಾರಿ ಸಾಲ್ಯಾಗ ಮಗ್ಗಿ ಛಲೋ ಹೇಳಿಕೊಟ್ಟಾರ.”

ಊಟಕ್ಕೆಂದು ಬಂದು ಬಾಗಿಲ ಹೊರಗೆ ನಿಂತಿದ್ದ ಅಮೋಲ್, ಗದ್ದಲ ಕೇಳಿ ಕಿಸೆಯಿಂದ ಕಾಗದ ತೆಗೆದು ಹೊರಗಿನಿಂದಲೇ ಕೂಗಿದ: “ಲೆಹೆಂಗಾ ಜೋಗೇಶ್ವರಿದು! ನನ್ನ ಕಡೆ ಲಿಖಿತ್ ಆಹೆ!” ಆ ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಜೇಬುನ್ನೀಸಾಗೆ ಈಗ ಹಿಂದೆ ಸರಿಯಲು ಉರ್ದು ಉಳಿದಿರಲಿಲ್ಲ. ಇದ್ದ ಭಾಷೆಯಲ್ಲೇ ಎಗರಿದಳು: “ಸುಳ್ಳು ಹೇಳಿದಿರಿ, ಅದಿರಲಿ. ಹುಡುಗಿ ಸೊಂಟ ಇಪ್ಪತ್ತೆಂಟು ಇದ್ರ ನಾಕು ಇಂಚು ಯಾಕ ಬಿಟ್ಟೀರಿ? ಅಳತಿ ತೆಗ್ಯಾಕ ಬರೂದಿಲ್ಲೇನು ನಿಮಗ?”

ಅಲ್ಲಾಬಕ್ಷ ಇನ್ನೂ ನೆಲದ ಮೇಲೇ ಕೂತಿದ್ದ. ಅಸ್ತರಿನ ಮೂಲೆಯನ್ನು ಬೆರಳಿನಿಂದ ನೇವರಿಸಿದ.

“ಅಳತಿ ಬರೋಬ್ಬರಿ ಐತ್ರಿ ಬೀಗತಿ. ನಿಮ್ಮ ಮನ್ಯಾಗ ಉಂಡು, ತಿಂದು, ನಕ್ಕೊಂತ ಇದ್ದು ದಪ್ಪ ಆಗಲಿ ಅಂತ ಬಿಟ್ಟೀನಿ. ಆದಾಗ ಹೊಲಿಗಿ ಬಿಚ್ಚಿಕೊಳ್ಳಲಿ. ಬಾಡಿಗಿ ಲೆಹೆಂಗಾಕ್ಕ ಇದನ್ನ ಯಾರು ಬಿಡತಾರ್ರಿ?”

ಮೊದಲು ಅತ್ತದ್ದು ತಹಮೀನಾ. ನಾಲ್ಕು ಕೋಟಿನ ಸಾಫ್ಟ್ ಗ್ಲ್ಯಾಮಿನಲ್ಲಿ ಗೋಧಿ ಬಣ್ಣದ ಎರಡು ದಾರಿ ತೆರೆದವು. ಶೈಲಾ “ಬೇಸ್! ಬೇಸ್!” ಎಂದು ಓಡಿಬಂದಳು. ಜೈತುನಬಿ ಅವಳನ್ನು ಮೊಣಕೈಯಿಂದ ತಡೆದು, ತನ್ನ ಸೆರಗನ್ನು ನೀರಲ್ಲಿ ಅದ್ದಿ ಮಗಳ ಮುಖವನ್ನು, ಸಾಲೆಗೆ ಕಳಿಸುವ ಮಗುವಿನ ಮುಖದಂತೆ, ಗಲ್ಲ ಹಿಡಿದು ಒರೆಸಿದಳು.

“ಅರೇ, ಯೇ ತೋ ಅಪ್ನಿ ತಹಮೀನಾ!” ಎಂದ ಮಾಮು, ಹೊಸದಾಗಿ ಕಂಡುಹಿಡಿದವನಂತೆ.

ಅವನು ಮತ್ತೊಮ್ಮೆ ಕೇಳಿದ. ತಹಮೀನಾ ಬಾಯಿ ಬಿಟ್ಟು, ಸ್ಪಷ್ಟವಾಗಿ, ಅಪ್ಪನನ್ನು ಒಮ್ಮೆ ನೋಡಿ, “ಕಬೂಲ್ ಹೈ” ಎಂದಳು.  ಮೂವತ್ತು ವರ್ಷ ಕನ್ನಡ ಬರುವುದಿಲ್ಲವೆಂದವಳು ಎರಡು ತಿಂಗಳ ಸುಳ್ಳಿಗಾಗಿ ಬೀಗರನ್ನು ಏನೆಂದು ಬಯ್ಯಬೇಕು? ಹಾಗಾಗಿ ಜೇಬುನ್ನೀಸಾ ದುಆ ಬೇಡಲು ಎರಡೂ ಕೈ ಎತ್ತಿದಳು.

ಪರ್ರನೆ ಶಬ್ದವಾಯಿತು.

ಬಾಂದ್ರಾದ ಬೊಟಿಕ್ಕಿನಿಂದ ತಂದ, ಅಸಲಿ ಪಾಕಿಸ್ತಾನಿ ಕಟ್ ಎಂದು ಮೂರು ವಾರ ಎಲ್ಲರಿಗೂ ತೋರಿಸಿದ ಆಕೆಯ ಕುರ್ತಾ, ಕಂಕುಳಿಂದ ಸೊಂಟದವರೆಗೆ ಬಾಯಿಬಿಟ್ಟಿತ್ತು. ಆಕೆ ಕೈ ಇಳಿಸಲಾರದೆ, ಎತ್ತಿ ಹಿಡಿಯಲಾರದೆ, ಅರ್ಧ ದುಆದಲ್ಲಿ ನಿಂತಳು. ಜೈತುನಬಿ ದುಪಟ್ಟಾ ಹೊದಿಸಿ, ಹರಿದ ಅಂಚನ್ನು ಬೆರಳಿಂದ ಮಗುಚಿ ಗಂಡನಿಗೆ ತೋರಿಸಿದಳು. ಅಲ್ಲಾಬಕ್ಷ ಕಾಲರಿನ ಹಿಂದೆ ಸದಾ ಚುಚ್ಚಿಟ್ಟಿರುವ ಸೂಜಿಗೆ ಕೈಹಾಕಿದವನು, ನೋಡಿ, ಕೈ ಹಿಂದಕ್ಕೆ ತೆಗೆದ.

“ಒಳಗ ಅರ್ಧ ಇಂಚೂ ಬಿಟ್ಟಿಲ್ರೀ ಬೀಗತಿ. ಹಿಡಿದು ಹೊಲ್ಯಾಕ ಏನೂ ಇಲ್ಲ.”

“ಮತ್ತ ಈಗೇನು ಮಾಡೂದ್ರೀ ಬೀಗರ?” ಎಂದಳು ಜೇಬುನ್ನೀಸಾ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ, ಅಳುವ ದನಿಯಲ್ಲಿ.

ಅಲ್ಲಾಬಕ್ಷ ಎದ್ದು ನಿಂತ. ಕೊರಳಿನ ಟೇಪು ಅವತ್ತು ಮನೆಯಲ್ಲಿತ್ತು, ಆದರೂ ಕೈ ಕೊರಳಿಗೆ ಹೋಯಿತು.

“ಪ್ಯಾಂಟ್ ಸಣ್ಣ ಮಾಡೂ ದುಕಾನ್ ಗೊತ್ತಲ್ರಿ? ನಾಳೆ ಸಂಜಿಗೆ ಬರ್ರಿ, ರೆಡಿ ಇಟ್ಟಿರ್ತೀನಿ.”